ಪಾದ್ರಿಗಳ ಮನೆಗೂ ಒಂದು ಭಾನುವಾರ ಬೇಕು

ನಮ್ಮಂಥ ಸಂಶೋಧಕರ ಕೆಲಸಕ್ಕೆ ಹೊತ್ತುಗೊತ್ತಿಲ್ಲ ಅನ್ನುತ್ತಾರೆ, ನಿಜ. ಆದರೂ ಪ್ರಯೋಗ ಒಂದು ದಿನ ಮುಗಿಯುತ್ತದೆ, ಅನುದಾನದ ಅರ್ಜಿಗೆ ಕೊನೆಯ ದಿನ ಅಂತ ಒಂದಿರುತ್ತದೆ. ಸಭಾಪಾಲನೆಗೆ ಅಂಥ ಕೊನೆಯೇ ಇಲ್ಲ. ಈ ಭಾನುವಾರದ ಪ್ರಸಂಗ ಮುಗಿಯುವಷ್ಟರಲ್ಲಿ ಮುಂದಿನ ಭಾನುವಾರದ್ದು ಕಾದಿರುತ್ತದೆ. ಆಸ್ಪತ್ರೆಯಿಂದ, ಸಾವಿನ ಮನೆಯಿಂದ, ಕೆಲಸ ಕಳೆದುಕೊಂಡು ವೀಸಾ ಚಿಂತೆಯಲ್ಲಿರುವವರಿಂದ ಕರೆ ಬರುತ್ತಲೇ ಇರುತ್ತದೆ. ಪರದೇಶದ ಸಣ್ಣ ಕನ್ನಡ ಸಭೆಗಳಲ್ಲಂತೂ ಈ ಹೊರೆ ಹೊರುವವರು ಎಷ್ಟೋ ಸಲ ವಾರವಿಡೀ ಆಫೀಸಿನಲ್ಲಿ ದುಡಿದು, ಉಳಿದ ಸಂಜೆಗಳನ್ನು ಸಭೆಗೆ ಕೊಡುವ ಅಪ್ಪ ಅಮ್ಮಂದಿರೇ.

ದೇವರ ಕೆಲಸ ಎಂದಮೇಲೆ 'ಇವತ್ತು ಆಗುವುದಿಲ್ಲ' ಎನ್ನುವುದು ಹೇಗೆ? ತೊಡಕು ಇರುವುದು ಇಲ್ಲೇ. ಆಫೀಸಿನಿಂದ ತಡವಾಗಿ ಬಂದ ಅಪ್ಪನ ಮೇಲೆ ಮಗು ಸಿಟ್ಟಾಗಬಹುದು. ಪ್ರಾರ್ಥನಾ ಕೂಟದಿಂದ ತಡವಾಗಿ ಬಂದ ಅಪ್ಪನ ಮೇಲೆ ಸಿಟ್ಟಾದರೆ ದೇವರ ಮೇಲೇ ಸಿಟ್ಟಾದಂತೆ ಅನ್ನಿಸಿ ಸುಮ್ಮನಾಗುತ್ತದೆ. ನುಂಗಿಕೊಂಡ ಆ ಸಿಟ್ಟು ದೊಡ್ಡವರಾದ ಮೇಲೆ ಸಭೆಯ ಕಡೆಗೇ ತಿರುಗಿದರೆ ಆಶ್ಚರ್ಯವಿಲ್ಲ.

ಬಾಸೆಲ್ ಮಿಷನ್ ಎಂದರೆ ಕನ್ನಡಿಗರಿಗೆ ನೆನಪಾಗುವುದು 1843ರ 'ಮಂಗಳೂರ ಸಮಾಚಾರ', 1894ರ ಕಿಟ್ಟೆಲ್ ನಿಘಂಟು, ಮಂಗಳೂರಿನ ಹಂಚು. ಅದೇ ಮಿಷನರಿಗಳು ತಮ್ಮ ಮಕ್ಕಳನ್ನು ಶಾಲೆಯ ವಯಸ್ಸಿಗೆ ಯೂರೋಪಿಗೆ ಕಳುಹಿಸಿಬಿಡುತ್ತಿದ್ದರು. ಅವರಿಗೆಂದೇ ಬಾಸೆಲ್‌ನಲ್ಲಿ ಒಂದು ಮಕ್ಕಳ ಮನೆ ಇತ್ತು. ಮಲಯಾಳಂ ನಿಘಂಟು ಬರೆದ ಹರ್ಮನ್ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ಮಲಬಾರಿನಲ್ಲಿ ಹುಟ್ಟಿದವಳು. ತೀರಾ ಚಿಕ್ಕವಳಿದ್ದಾಗಲೇ ಅವಳನ್ನು ಯೂರೋಪಿನಲ್ಲಿ ಬಿಟ್ಟರು. ಹೆತ್ತವರಿದ್ದ ಭಾರತಕ್ಕೆ ಅವಳು ಮರಳಿದ್ದು ಹದಿಹರೆಯದಲ್ಲಿ. ಕಾದಂಬರಿಕಾರ ಹರ್ಮನ್ ಹೆಸ್ಸೆ ಇವಳ ಮಗ. ಹವೆ, ಕಾಯಿಲೆ, ಶಾಲೆ ಎಂಬ ಕಾರಣಗಳು ಸುಳ್ಳಲ್ಲ. ಆದರೆ ಆ ಮಹಾಕಾರ್ಯಗಳ ಲೆಕ್ಕ ಬರೆಯುವಾಗ ಮಕ್ಕಳು ತೆತ್ತ ಪಾಲನ್ನೂ ಬರೆಯಬೇಕು.

ಬೈಬಲಿನಲ್ಲೇ ಇದಕ್ಕೊಂದು ಉತ್ತರವಿದೆ. ವಿಮೋಚನಕಾಂಡದ 18ನೇ ಅಧ್ಯಾಯ ತೆಗೆದು ನೋಡಿ. ಮೋಶೆಯ ಮಾವ ಇತ್ರೋ ಮೊದಲು ಮಾಡುವ ಕೆಲಸ, ತವರಿನಲ್ಲಿದ್ದ ಮಗಳನ್ನೂ ಇಬ್ಬರು ಮೊಮ್ಮಕ್ಕಳನ್ನೂ ಅಳಿಯನ ಬಳಿಗೆ ಕರೆತರುವುದು. ಮರುದಿನ ನೋಡಿದರೆ ಅಳಿಯ ಬೆಳಗಿನಿಂದ ಸಂಜೆಯವರೆಗೆ ಜನರ ವ್ಯಾಜ್ಯ ಕೇಳುತ್ತಾ ಕೂತಿದ್ದಾನೆ. ಹೀಗೇ ಹೋದರೆ ನೀನೂ ಸೋಲುತ್ತೀಯ, ಜನರೂ ಸೋಲುತ್ತಾರೆ, ಕೆಲಸ ಹಂಚು ಎನ್ನುತ್ತಾನೆ ಮಾವ. ಸಾವಿರ, ನೂರು, ಐವತ್ತು, ಹತ್ತು ಜನರಿಗೊಬ್ಬ ಮುಖ್ಯಸ್ಥ. ದೊಡ್ಡ ವ್ಯಾಜ್ಯ ಮಾತ್ರ ಮೋಶೆಗೆ. ಮೋಶೆ ಆ ಮಾತು ಕೇಳಿದ. ಕೆಲಸ ಹಂಚಿದ್ದರಿಂದ ಅವನ ಸೇವೆ ಕುಗ್ಗಲಿಲ್ಲ.

ಇಂದಿನ ಮನೆಯಲ್ಲಿ ಇದನ್ನು ಹೀಗೆ ಮಾಡಬಹುದು. ಭಾನುವಾರ ಪಾದ್ರಿಗಳಿಗೆ ಕೆಲಸದ ದಿನ. ಹಾಗಾಗಿ ಅವರ ವಿಶ್ರಾಂತಿಗೆ ಬೇರೊಂದು ದಿನ ಗೊತ್ತುಮಾಡಿ, ಸಭೆಗೆ ಬಾಯಿಬಿಟ್ಟು ತಿಳಿಸಿ. ಆ ದಿನದ ತುರ್ತು ಕರೆಗಳಿಗೆ ಇನ್ನೊಬ್ಬ ಹಿರಿಯರ ನಂಬರ್ ಕೊಡಿ. ಸಾವು, ಅಪಘಾತ ಬಂದಾಗ ನಿಯಮ ಮುರಿಯಲೇಬೇಕು. ಹಾಗೆ ಮುರಿದ ಸಂಜೆಯನ್ನು ಅದೇ ವಾರದಲ್ಲಿ ಮಕ್ಕಳಿಗೆ ಹಿಂತಿರುಗಿಸಿ. ಕೀಬೋರ್ಡ್ ನುಡಿಸಲು, ಕುರ್ಚಿ ಜೋಡಿಸಲು ಪಾದ್ರಿಗಳ ಮಕ್ಕಳು ಇದ್ದೇ ಇರುತ್ತಾರೆ ಎಂದುಕೊಳ್ಳಬೇಡಿ. ಉಳಿದ ಮಕ್ಕಳನ್ನು ಕೇಳುವಂತೆ ಅವರನ್ನೂ ಕೇಳಿ. ಅವರು 'ಬೇಡ' ಎಂದರೆ ಬೇಸರಪಡಬೇಡಿ.

ಇದು ಸೇವೆಯಲ್ಲಿರುವವರೊಬ್ಬರಿಂದಲೇ ಆಗುವ ಮಾತಲ್ಲ. ಅವರು ಗೆರೆ ಎಳೆದರೂ ದಾಟುವವರು ನಾವೇ. ಅವರ ರಜೆಯ ದಿನ ಫೋನ್ ಎತ್ತಿಕೊಳ್ಳುವ ಮೊದಲು, ಈ ಮಾತು ನಾಳೆಯವರೆಗೆ ಕಾಯಬಹುದೇ ಎಂದು ಒಮ್ಮೆ ಯೋಚಿಸಿ. ಬಹಳಷ್ಟು ಮಾತುಗಳು ಕಾಯುತ್ತವೆ. ಬೆಳೆಯುವ ಮಕ್ಕಳು ಕಾಯುವುದಿಲ್ಲ.