ಗಾಜಿನ ತೊಟ್ಟಿಯ ಎರಡನೆಯ ವಾರ

ಹೊಸದಾಗಿ ಮೀನಿನ ತೊಟ್ಟಿ ತಂದ ಮನೆಗಳಲ್ಲಿ ಎರಡನೆಯ ವಾರ ಎಂಬುದೊಂದು ಉಂಟು. ಮೊದಲನೆಯ ವಾರವನ್ನು ವರ್ಣಿಸಬೇಕಾದ್ದಿಲ್ಲ. ಮುಂಬಯಿಯವರು ಕುರ್ಲಾದಿಂದಲೋ ಚೆನ್ನೈಯವರು ಕೊಳತ್ತೂರಿನಿಂದಲೋ ಆರು ಗೋಲ್ಡ್‌ಫಿಶ್, ನಾಲ್ಕು ಗಪ್ಪಿ, ಮಕ್ಕಳು ಹಟ ಹಿಡಿದರೆಂದು ಒಂದು ಫೈಟರ್, ಇಷ್ಟನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿಸಿಕೊಂಡು, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಅಲುಗದಂತೆ ಮಡಿಲಲ್ಲಿಟ್ಟುಕೊಂಡು ಬರುತ್ತಾರೆ. ಅದೇ ಸಂಜೆ ತೊಟ್ಟಿ ತುಂಬುತ್ತದೆ, ದೀಪ ಹತ್ತುತ್ತದೆ, ಪಕ್ಕದ ಮನೆಯವರು ಬಂದು ನೋಡಿ ಮೆಚ್ಚಿ ಹೋಗುತ್ತಾರೆ. ಎರಡನೆಯ ವಾರದಲ್ಲಿ ಒಂದು ಬೆಳಿಗ್ಗೆ ಒಂದು ಮೀನು ಮಗ್ಗುಲಾಗಿ ತೇಲುತ್ತಿರುತ್ತದೆ. ಮರುದಿನ ಇನ್ನೆರಡು. ತಿಂಗಳು ತುಂಬುವುದರೊಳಗೆ ತೊಟ್ಟಿ ಅಟ್ಟ ಸೇರುತ್ತದೆ.

ಆಗ ಮನೆಯಲ್ಲಿ ಏಳುವ ಮಾತುಗಳು ನಮಗೆಲ್ಲ ಪರಿಚಿತವೇ. “ಮನೆಗೆ ಬರಬೇಕಾಗಿದ್ದ ಕಂಟಕ ಅದರ ತಲೆಗೆ ಹೋಯಿತು, ಒಳ್ಳೆಯದೇ ಆಯಿತು” ಎಂದು ಅಜ್ಜಿ ಸಮಾಧಾನ ಹೇಳುತ್ತಾರೆ. “ಜೀವ ಇರುವುದನ್ನು ಗಾಜಿನೊಳಗೆ ಕೂಡಿಹಾಕಿದರೆ ಪಾಪ ತಟ್ಟದೆ ಬಿಟ್ಟೀತೆ?” ಎಂದು ಇನ್ನೊಬ್ಬರು. ಅಂಗಡಿಯವನು ರೋಗದ ಮೀನು ಕೊಟ್ಟ ಎಂದು ಯಜಮಾನರು. ಇವೆಲ್ಲ ಇರಲಿ, “ನೀನು ಕೈ ಹಾಕಿದ್ದಕ್ಕೇ ಸತ್ತುಹೋಯಿತು” ಎಂದು ಮಗುವಿನ ಮೇಲೆ ಹೊರಿಸುವ ಮಾತೊಂದು ಬರುತ್ತದಲ್ಲ, ಅದು ಎಲ್ಲಕ್ಕಿಂತ ಕೆಟ್ಟದ್ದು. ಆರು ವರ್ಷದ ಮಗು ಅದನ್ನು ನಂಬಿಬಿಡುತ್ತದೆ. ಅಜ್ಜಿಯ ಮಾತಿನಲ್ಲಿ ಅಂತಃಕರಣವಾದರೂ ಇದೆ. ಆದರೆ ಅದನ್ನೂ ಒಪ್ಪಿಕೊಂಡು ಕುಳಿತರೆ ಮೀನು ಏಕೆ ಸತ್ತಿತು ಎಂದು ಯಾರೂ ಕೇಳುವುದಿಲ್ಲ, ಮುಂದಿನ ಮೀನೂ ಹಾಗೆಯೇ ಸಾಯುತ್ತದೆ.

ನಮ್ಮ ಹಿರಿಯರ ಇನ್ನೊಂದು ಮಾತು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ವರ್ಗವಾಗಿ ಹೊಸ ಊರಿಗೆ ಬಂದವರ ಮನೆಯಲ್ಲಿ ಒಬ್ಬರಿಗೆ ಹೊಟ್ಟೆ ಕೆಟ್ಟರೆ, ಇನ್ನೊಬ್ಬರಿಗೆ ಕೂದಲು ಉದುರಿದರೆ, “ಊರಿನ ನೀರು ಇನ್ನೂ ಒಗ್ಗಿಲ್ಲ” ಎನ್ನುವುದು ವಾಡಿಕೆ. ಮೀನಿನ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜ. ಮೀನಿಗೆ ನೀರು ಒಗ್ಗಬೇಕು ಎಂಬುದು ಅದರಲ್ಲಿ ಅರ್ಧ ಮಾತ್ರ. ನೀರು ತಾನೇ ಮೊದಲು ಹದವಾಗಬೇಕು ಎಂಬುದು ಉಳಿದರ್ಧ. ಈ ಎರಡನೆಯದನ್ನು ಮಾರುವವರು ಸಾಮಾನ್ಯವಾಗಿ ಹೇಳುವುದಿಲ್ಲ. ಹೇಳಿದರೆ ತೊಟ್ಟಿ ಇಂದು, ಮೀನು ಮುಂದಿನ ತಿಂಗಳು ಎಂದಾಗುತ್ತದೆ; ಅಷ್ಟರಲ್ಲಿ ಗಿರಾಕಿಯ ಉತ್ಸಾಹ ಇಳಿದರೆ ವ್ಯಾಪಾರ ಹೇಗೆ ಆಗಬೇಕು?

ನಡೆಯುವುದು ಇಷ್ಟು. ಮೀನು ತಿಂದದ್ದನ್ನು ಅಮೋನಿಯವಾಗಿ ಹೊರಬಿಡುತ್ತದೆ, ಹೆಚ್ಚಿನ ಪಾಲನ್ನು ಕಿವಿರುಗಳ ಮೂಲಕವೇ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯವೇ. ನದಿಯಲ್ಲಾದರೆ ಅದು ಹರಿದುಹೋಗುತ್ತದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯನ್ನು ಅಂಚಿನವರೆಗೆ ತುಂಬಿದರೂ ಹಿಡಿಯುವುದು 56 ಲೀಟರ್, ಅಂದರೆ ನಮ್ಮ ಬಚ್ಚಲಿನ ನಾಲ್ಕು ಬಕೆಟ್ ನೀರು. ಅಲ್ಲಿ ಅದು ಎಲ್ಲಿಗೆ ಹೋಗಬೇಕು? ಹಳೆಯ ತೊಟ್ಟಿಯಲ್ಲಿ ಫಿಲ್ಟರಿನ ಸ್ಪಂಜು, ಮರಳು, ಕಲ್ಲುಗಳಿಗೆ ಅಂಟಿ ಬೆಳೆದ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟಾಗಿಯೂ, ಬೇರೆ ಕೆಲವು ಆ ನೈಟ್ರೈಟನ್ನು ನೈಟ್ರೇಟಾಗಿಯೂ ಮಾಡಿಬಿಡುತ್ತವೆ. ಮೊದಲಿನವೆರಡೂ ವಿಷ, ಮೂರನೆಯದು ಮಿತಿ ಮೀರದಿದ್ದರೆ ಅಷ್ಟು ಅಪಾಯವಲ್ಲ. ಅಮೋನಿಯ ಕಿವಿರನ್ನು ಸುಡುತ್ತದೆ. ನೈಟ್ರೈಟು ರಕ್ತಕ್ಕೆ ಸೇರಿ ಅದು ಆಮ್ಲಜನಕವನ್ನು ಹೊರದಂತೆ ಮಾಡುತ್ತದೆ. ಗಾಳಿಗುಳ್ಳೆ ಎಷ್ಟು ಏಳುತ್ತಿದ್ದರೂ ಮೀನು ಮೇಲಕ್ಕೆ ಬಂದು ಬಾಯಿ ಬಿಡುತ್ತಿರುತ್ತದೆ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ಇರುವುದೇ ಇಲ್ಲವೆನ್ನುವಷ್ಟು ಕಡಿಮೆ. ಅವು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ವಿಷ ಏರುತ್ತಾ ಹೋಗುವುದೂ ಇದೇ ವಾರಗಳಲ್ಲಿ. ನಮ್ಮ ಎರಡನೆಯ ವಾರದ ಗುಟ್ಟು ಇದೇ. ನೀರು ನೋಡಲು ತಿಳಿಯಾಗಿಯೇ ಇರುತ್ತದೆ. ಕಣ್ಣಿಗೆ ಕಾಣುವುದಲ್ಲ ಇದು.

ಮಣ್ಣಿನಲ್ಲಿರುವ ಈ ಬಗೆಯ ಜೀವಿಗಳನ್ನು 1890ರ ಸುಮಾರಿಗೆ ಬೇರ್ಪಡಿಸಿ ತೋರಿಸಿದವರು ರಷ್ಯದ ವಿಜ್ಞಾನಿ ಸರ್ಗೇಯ್ ವಿನೊಗ್ರಾಡ್‌ಸ್ಕಿ. ಎರಡು ಹಂತದ ಕೆಲಸವನ್ನು ಎರಡು ಬಗೆಯ ಜೀವಿಗಳೇ ಹಂಚಿಕೊಂಡು ಮಾಡುತ್ತವೆಂದು ನೂರು ವರ್ಷಕ್ಕೂ ಮೀರಿ ಎಲ್ಲರೂ ನಂಬಿದ್ದರು. ಎರಡನ್ನೂ ಒಂದೇ ಮಾಡಬಲ್ಲ ಜೀವಿಯೊಂದು ಉಂಟೆಂದು 2015ರಲ್ಲಿ ತಿಳಿದುಬಂತು. ಪಂಡಿತರಿಗೇ ಇಷ್ಟು ನಿಧಾನವಾಗಿ ತಿಳಿದದ್ದು ನಮಗೆ ಎರಡು ವಾರದಲ್ಲಿ ತಿಳಿಯಲಿಲ್ಲವೆಂದು ನಾಚಬೇಕಾದ್ದೇನೂ ಇಲ್ಲ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಗೋಲ್ಡ್‌ಫಿಶ್ ಮತ್ತು ನೀರುಗಿಡವನ್ನು ಒಂದೇ ಪಾತ್ರೆಯಲ್ಲಿ ಸಾಕಿ, ಅದರ ವರದಿಯನ್ನು 1850ರಲ್ಲಿ ಪ್ರಕಟಿಸಿದರು. ಮನೆಯ ಅಕ್ವೇರಿಯಂ ವಿದ್ಯೆಗೆ ತಳಹದಿ ಹಾಕಿದವರಲ್ಲಿ ಅವರೂ ಒಬ್ಬರು. ಅವರ ಪಾತ್ರೆಯಲ್ಲೂ ಗಿಡದ ಎಲೆ ಕೊಳೆತು ನೀರು ಕದಡಿತು. ಅವರು ಪಾತ್ರೆಯನ್ನು ಅಟ್ಟಕ್ಕೆ ಹಾಕಲಿಲ್ಲ. ಕೊಳೆತದ್ದನ್ನು ತಿನ್ನುವುದು ಯಾವುದೆಂದು ಯೋಚಿಸಿ ಕೊಳದ ಬಸವನಹುಳುಗಳನ್ನು ತಂದು ಬಿಟ್ಟರು. ನೀರು ತಿಳಿಯಾಯಿತು.

ಇನ್ನು, ಮೀನು ಸತ್ತ ದಿನ ಮಾಡಬೇಕಾದ್ದೇನು? ಸತ್ತದ್ದನ್ನು ತಡಮಾಡದೆ ತೆಗೆಯಬೇಕು, ಏಕೆಂದರೆ ಅದೂ ಕೊಳೆತು ವಿಷವನ್ನು ಹೆಚ್ಚಿಸುತ್ತದೆ. ತೊಟ್ಟಿಯನ್ನು ಬರಿದು ಮಾಡಕೂಡದು. ನಾಲ್ಕನೆಯ ಒಂದು ಪಾಲೋ ಮೂರನೆಯ ಒಂದು ಪಾಲೋ ನೀರನ್ನು ತೆಗೆದು, ಅಷ್ಟೇ ಬೆಚ್ಚಗಿನ, ಕ್ಲೋರಿನ್ ಹೋದ ನೀರನ್ನು ನಿಧಾನವಾಗಿ ತುಂಬಬೇಕು. ನಲ್ಲಿಯ ನೀರನ್ನು ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಅವಸರವಾದರೆ ಅಂಗಡಿಯಲ್ಲಿ ಅದಕ್ಕೆಂದೇ ಹನಿಗಳು ಸಿಗುತ್ತವೆ. ಎರಡು ದಿನ ಆಹಾರ ಹಾಕದಿದ್ದರೆ ಉಳಿದ ಮೀನುಗಳಿಗೆ ತೊಂದರೆಯಿಲ್ಲ, ಉಪಕಾರವೇ. ಅಮೋನಿಯ ಮತ್ತು ನೈಟ್ರೈಟನ್ನು ಅಳೆಯುವ ಪರೀಕ್ಷೆಯ ಪೆಟ್ಟಿಗೆಯೊಂದನ್ನು ಕೊಂಡರೆ ಊಹೆ ತಪ್ಪುತ್ತದೆ. ಎರಡೂ ಸೊನ್ನೆ ತೋರಿಸುವವರೆಗೆ ದಿನವೂ ಅಥವಾ ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ನೀರು ಬದಲಿಸುತ್ತಿರುವುದೇ ದಾರಿ. ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕೆ ಕಂಡರೆ ಮಾತು ಬೇರೆ. ಅದು ಪರಾವಲಂಬಿ ಜೀವಿಯ ರೋಗ, ಅದಕ್ಕೆ ಔಷಧಿಯುಂಟು. ಯಾವ ರೋಗವೆಂದು ತಿಳಿಯದೆ ಸಿಕ್ಕ ಸಿಕ್ಕ ಔಷಧಿಯನ್ನು ಸುರಿಯುವುದರಿಂದ ಬೆಳೆಯುತ್ತಿರುವ ಸೂಕ್ಷ್ಮಜೀವಿಗಳಿಗೂ ಪೆಟ್ಟು ಬಿದ್ದೀತು. ಮಗು ಅತ್ತಿತೆಂದು ಅದೇ ಸಂಜೆ ಅಂಗಡಿಗೆ ಹೋಗಿ ಇನ್ನೆರಡು ಮೀನು ತರುವುದಂತೂ ಬೇಡವೇ ಬೇಡ.

ನಮ್ಮ ಗೃಹಿಣಿಯರ ಒಂದು ಸದ್ಗುಣ ಇಲ್ಲಿ ಮುಳುವಾಗುವುದುಂಟು. ಮೀನು ಸತ್ತಿತೆಂದರೆ ತೊಟ್ಟಿ ಗಲೀಜಾಗಿದೆ ಎಂದೇ ಅರ್ಥಮಾಡಿ, ಮರಳನ್ನು ಅಕ್ಕಿ ತೊಳೆದಂತೆ ತೊಳೆದು, ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ, ಗಾಜನ್ನು ಸೋಪು ಹಚ್ಚಿ ಉಜ್ಜಿ ಫಳಫಳ ಮಾಡಿಡುತ್ತಾರೆ. ಮೂರು ವಾರ ಕಷ್ಟಪಟ್ಟು ಬೆಳೆದದ್ದೆಲ್ಲ ಒಂದು ಗಂಟೆಯಲ್ಲಿ ಚರಂಡಿ ಸೇರುತ್ತದೆ. ಎರಡನೆಯ ವಾರ ಮತ್ತೆ ಮೊದಲಿನಿಂದ ಬರುತ್ತದೆ. ಸ್ಪಂಜಿನ ಮೇಲಿನ ಕಂದು ಲೋಳೆಯನ್ನು ಮೈಲಿಗೆಯೆಂದು ಎಣಿಸಬಾರದು. ಮೊಸರಿಗೆ ಹೆಪ್ಪು ಹೇಗೋ ತೊಟ್ಟಿಗೆ ಅದು ಹಾಗೆ. ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಸ್ಪಂಜನ್ನು ಎರಡು ಸಲ ಮೃದುವಾಗಿ ಅದ್ದಿ ಹಿಂಡಿದರೆ ಸಾಕು. ಹೆಪ್ಪಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡೋಣ: ಬಹುಕಾಲದಿಂದ ಆರೋಗ್ಯವಾಗಿ ಮೀನು ಸಾಕಿರುವ ಸ್ನೇಹಿತರಿದ್ದರೆ ಅವರ ಫಿಲ್ಟರಿನಿಂದ ಒಂದು ತುಂಡು ಹಳೆಯ ಸ್ಪಂಜನ್ನು ಕೇಳಿ, ಒಣಗದಂತೆ ನೀರಿನಲ್ಲೇ ತಂದು ನಮ್ಮ ಫಿಲ್ಟರಿನಲ್ಲಿಟ್ಟರೆ ಕಾಯುವ ವಾರಗಳು ಕಡಿಮೆಯಾಗುತ್ತವೆ. ಸಂಘದ ಸಭೆಗಳಲ್ಲಿ ಉಪ್ಪಿನಕಾಯಿ, ಚಟ್ನಿಪುಡಿ ಕೈ ಬದಲಾಯಿಸುವಾಗ ಇದೂ ಏಕಾಗಬಾರದು?

ಆಹಾರದ ವಿಷಯ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನುಗಳಿಗೆ ಮಂಡಕ್ಕಿ ಎಸೆದವರು ನಮ್ಮಲ್ಲಿ ಎಷ್ಟೋ ಮಂದಿ. ಆ ಕೈಗಳೇ ಇಲ್ಲಿ ತೊಟ್ಟಿಯ ಮೇಲೂ ಧಾರಾಳವಾಗಿ ಆಡುತ್ತವೆ. ತುಂಗೆ ಹರಿಯುವ ನೀರು. ನಮ್ಮದು ನಾಲ್ಕು ಬಕೆಟ್. ದಿನಕ್ಕೆ ಒಂದು ಸಲ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಹಾಕಬೇಕು. ಗಾಜಿನ ಬಳಿಗೆ ಹೋದೊಡನೆ ಮೀನು ಓಡಿಬರುವುದು ಹಸಿವಿನಿಂದಲೇ ಎಂದು ತಿಳಿಯಬಾರದು. ಕೈ ಕಂಡರೆ ತಿಂಡಿ ಎಂದು ಅದು ಕಲಿತುಬಿಟ್ಟಿರುತ್ತದೆ. ಅಜ್ಜ ಬೆಳಿಗ್ಗೆ, ಮಗು ಮಧ್ಯಾಹ್ನ, ಕೆಲಸದವಳು ಸಂಜೆ ಹಾಕುವ ಮನೆಗಳಲ್ಲಿ ಡಬ್ಬಿ ಒಬ್ಬರ ವಶದಲ್ಲಿರಲಿ.

ನಮ್ಮ ವಾಚಕರು ಒಂದೇ ಊರಿನವರಲ್ಲವಾದ್ದರಿಂದ ನೀರಿನ ಭೇದವನ್ನೂ ಹೇಳಬೇಕು. ಮುಂಬಯಿಗೆ ಬರುವುದು ತಾನ್ಸಾ, ವೈತರಣಾ, ಭಾತ್ಸಾ ಮುಂತಾದ ಜಲಾಶಯಗಳ ಮಳೆನೀರು, ಮೆದುವಾದದ್ದು. ಹೈದರಾಬಾದು, ಚೆನ್ನೈಗಳಲ್ಲಿ ಕೊಳವೆಬಾವಿಯನ್ನು ನಂಬಿದ ಮನೆಗಳ ನೀರು ಸಾಮಾನ್ಯವಾಗಿ ಗಡಸು. ಕೊಡದ ಅಂಚಿನ ಬಿಳಿ ಕರೆಯೇ ಅದಕ್ಕೆ ಸಾಕ್ಷಿ. ಗಪ್ಪಿ, ಮೋಲಿಗಳಿಗೆ ಗಡಸು ನೀರು ಹಿತ; ನಿಯಾನ್ ಟೆಟ್ರಾದಂಥವಕ್ಕೆ ಮೆದು ನೀರು. ಊರು ನೋಡಿ ಮೀನು ಕೊಂಡರೆ ಅರ್ಧ ತಾಪತ್ರಯ ತಪ್ಪುತ್ತದೆ. ದಿಲ್ಲಿಯವರಿಗೆ ಬೇರೆಯದೇ ಕಷ್ಟ. ಅಲ್ಲಿಯ ಚಳಿಗಾಲದಲ್ಲಿ ಮನೆಯೊಳಗಿನ ನೀರೂ ಕೊರೆಯುತ್ತದೆ. 24ರಿಂದ 27 ಡಿಗ್ರಿಯ ಬೆಚ್ಚನೆಯ ನೀರು ಬೇಕಾದ ಮೀನುಗಳಿಗೆ ಹೀಟರ್ ಇಲ್ಲದೆ ಗತಿಯಿಲ್ಲ. ಜೊತೆಗೆ ಯಮುನೆಯ ನೀರಿನಲ್ಲಿ ಅಮೋನಿಯ ಏರಿತೆಂದು ಪತ್ರಿಕೆಗಳಲ್ಲಿ ಬರುವುದೂ ಚಳಿಗಾಲದಲ್ಲೇ ಹೆಚ್ಚು. ಅಂಥ ವಾರಗಳಲ್ಲಿ ನಲ್ಲಿಯ ನೀರನ್ನು ಒಮ್ಮೆ ಪರೀಕ್ಷಿಸಿಯೇ ತೊಟ್ಟಿಗೆ ಹಾಕುವುದು ಕ್ಷೇಮ.

ಇಷ್ಟೆಲ್ಲ ಮಾಡಿದರೂ ಕೆಲವು ಮೀನುಗಳು ಸಾಯುತ್ತವೆ. ದೂರದಿಂದ ಚೀಲದಲ್ಲಿ ಪ್ರಯಾಣಮಾಡಿ, ಅಂಗಡಿಯಲ್ಲಿ ಕಿಕ್ಕಿರಿದು ನಿಂತು ಬಳಲಿ ಬಂದವು ಅವು. ಆಯುಸ್ಸಿನ ಲೆಕ್ಕವೂ ಉಂಟು: ಗಪ್ಪಿ ಬದುಕುವುದೇ ಸುಮಾರು ಎರಡು ವರ್ಷ, ಫೈಟರ್ ಮೂರು. ರೆಕ್ಕೆ ಅರಳಿಸಿ ನಿಂತ ಚೆಲುವ ಫೈಟರನ್ನು ಕೊಂಡಾಗಲೇ ಅದಕ್ಕೆ ಎಷ್ಟೋ ತಿಂಗಳಾಗಿರುತ್ತವೆ. ಗೋಲ್ಡ್‌ಫಿಶ್ ಮಾತ್ರ ಸರಿಯಾಗಿ ಸಾಕಿದರೆ ಹತ್ತು ವರ್ಷಕ್ಕೂ ಹೆಚ್ಚು ಬಾಳುವ ಪ್ರಾಣಿ. ಚಿತ್ರಗಳಲ್ಲಿ ಕಾಣುವ ದುಂಡು ಗಾಜಿನ ಬುರುಡೆಯಲ್ಲಿಟ್ಟು ಅದನ್ನು ಎರಡು ತಿಂಗಳಲ್ಲಿ ಕಳೆದುಕೊಳ್ಳುವುದು ನಮಗೆ ಸಂಕಟದ ಸಂಗತಿಯಾಗಿ ತೋರುತ್ತದೆ. ಅದು ಬಹಳ ತಿನ್ನುವ, ಬಹಳ ಹೊಲಸು ಮಾಡುವ, ಅಂಗೈಗಿಂತ ದೊಡ್ಡದಾಗಿ ಬೆಳೆಯುವ ಮೀನು. ಮೊದಲ ಸಲದವರಿಗೆ ತಕ್ಕದ್ದೇ ಅಲ್ಲ.

ಮಗುವಿಗೆ ನಿಜವನ್ನೇ ಹೇಳುವುದು ಮೇಲು. ಶಾಲೆಯಿಂದ ಬರುವುದರೊಳಗೆ ಅದೇ ಬಣ್ಣದ ಇನ್ನೊಂದನ್ನು ತಂದಿಟ್ಟು ಏನೂ ಆಗಿಲ್ಲವೆಂಬಂತೆ ಕೂರುವ ತಂದೆತಾಯಿಯರು ಮಕ್ಕಳ ಕಣ್ಣನ್ನು ಬಹಳ ಕಡಿಮೆಯೆಂದು ತಿಳಿದಿರುತ್ತಾರೆ. “ನೀರು ಇನ್ನೂ ಹದವಾಗಿರಲಿಲ್ಲ ಮಗು, ನಿನ್ನಿಂದ ಆದದ್ದಲ್ಲ” ಎಂದರೆ ಅದಕ್ಕೆ ತಿಳಿಯುತ್ತದೆ. ಸತ್ತ ಮೀನನ್ನು ಪಾಯಿಖಾನೆಗೆ ಹಾಕಿ ನೀರು ಬಿಡುವ ಬದಲು ಬಾಲ್ಕನಿಯ ಹೂಕುಂಡದಲ್ಲಿ ಆಳವಾಗಿ ಹೂತು, ಮೇಲೆ ಒಂದು ಬೀಜ ಹಾಕಲು ಮಗುವಿಗೇ ಕೊಡಬಹುದು. ಆಮೇಲೆ ಒಂದು ನೋಟುಬುಕ್ಕು ಕೊಡಿಸಿ: ತಾರೀಖು, ಅಮೋನಿಯ ಎಷ್ಟು, ನೈಟ್ರೈಟು ಎಷ್ಟು, ಎಷ್ಟು ನೀರು ಬದಲಾಯಿತು. ಅಳುತ್ತಿದ್ದ ಮಗುವೇ ನಾಲ್ಕನೆಯ ದಿನಕ್ಕೆ ಬಣ್ಣದ ಪಟ್ಟಿಯನ್ನು ಹಿಡಿದು ಅಪ್ಪನಿಗೆ ಲೆಕ್ಕ ಒಪ್ಪಿಸುತ್ತದೆ.

ಸಾಕು ಎನಿಸಿ ಹವ್ಯಾಸವನ್ನೇ ಬಿಡುವವರು ಉಳಿದ ಮೀನುಗಳನ್ನು ಸಾಕಿರುವವರಿಗೆ ಕೊಡಬೇಕು. ಕೆರೆಗೋ ಹೊಳೆಗೋ ಬಿಡಬಾರದು. ಗಾಜು ಸ್ವಚ್ಛಮಾಡುತ್ತದೆಂದು ಮಾರುವ ಸಕ್ಕರ್ ಮೀನು ಹೀಗೆಯೇ ನಮ್ಮ ದೇಶದ ಎಷ್ಟೋ ಕೆರೆಗಳನ್ನು ಹೊಕ್ಕು ಅಲ್ಲಿಯ ಮೀನುಗಳಿಗೆ ಕಂಟಕವಾಗಿದೆ. ಮುಂದುವರಿಸುವವರು ಸೊನ್ನೆ ಕಂಡ ಮೇಲೆ ಮೊದಲು ಎರಡೋ ಮೂರೋ ಸಣ್ಣ ಮೀನುಗಳನ್ನು ತರಲಿ. ಚೀಲವನ್ನು ಕಾಲು ಗಂಟೆ ತೊಟ್ಟಿಯಲ್ಲಿ ತೇಲಿಬಿಟ್ಟು, ತೊಟ್ಟಿಯ ನೀರನ್ನು ಲೋಟ ಲೋಟವಾಗಿ ಅದಕ್ಕೆ ಸೇರಿಸಿ, ಆಮೇಲೆ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡಬೇಕು. ಅಂಗಡಿಯ ನೀರು ತೊಟ್ಟಿಗೆ ಬೇಡ. ಇನ್ನೆರಡನ್ನು ತರಲು ಎರಡು ವಾರವಾದರೂ ಕಳೆಯಲಿ.

ದಸರೆಗೋ ಮದುವೆಗೋ ಊರಿಗೆ ಹೊರಡುವವರಿಗೆ ಕೊನೆಯ ಮಾತು. ನಾಲ್ಕೈದು ದಿನವಾದರೆ ಬೆಳೆದ ಮೀನುಗಳಿಗೆ ಆಹಾರದ ವ್ಯವಸ್ಥೆಯೇ ಬೇಕಿಲ್ಲ. ಹೆಚ್ಚು ದಿನವಾದರೆ ಪಕ್ಕದ ಮನೆಯವರಿಗೆ ಡಬ್ಬಿ ಕೊಡದೆ, ಎರಡು ದಿನಕ್ಕೊಂದರಂತೆ ಚಿಟಿಕೆ ಚಿಟಿಕೆ ಪೊಟ್ಟಣ ಕಟ್ಟಿ, ಒಂದೊಂದರ ಮೇಲೂ ವಾರದ ಹೆಸರು ಬರೆದು ಕೊಡಿ. ಡಬ್ಬಿ ಬೀರುವಿನಲ್ಲಿರಲಿ, ಬೀಗದ ಕೈ ನಿಮ್ಮೊಡನೆ ಊರಿಗೆ ಬರಲಿ.