ಕಪ್ಪು ಮನೆಯಲ್ಲಿದೆ, ಪ್ರಮಾಣಪತ್ರ ಎಲ್ಲಿದೆ?

ಕಾಲೇಜಿನಲ್ಲಿ ಮೂರು ವರ್ಷ ಕಬಡ್ಡಿ ಆಡಿದ ವಿದ್ಯಾರ್ಥಿ ಉದ್ಯೋಗಕ್ಕೆ ಅರ್ಜಿ ಹಾಕುವಾಗ ಆ ಆಟಕ್ಕೆ ಬೆಲೆ ಎಷ್ಟು? ಈ ಪ್ರಶ್ನೆಗೆ ಬೆಂಗಳೂರಿನಲ್ಲಿ ಸಿಗುವ ಉತ್ತರ ಒಂದು, ಮಂಡ್ಯ ಜಿಲ್ಲೆ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ಸಿಗುವ ಉತ್ತರ ಇನ್ನೊಂದು. ನಗರದ ಪದವೀಧರನಿಗೆ ಆಟವೆಂಬುದು ಸ್ವವಿವರದ ಕೊನೆಯ ಸಾಲನ್ನು ಚೆಂದಗಾಣಿಸುವ ಸಂಗತಿ. ಹೇಮಾವತಿ ಸೀಮೆಯ ಈ ಹೋಬಳಿಯಲ್ಲಿ, ಕಬ್ಬು ಮತ್ತು ಭತ್ತವನ್ನು ನಂಬಿದ ಮನೆಗಳ ಮಕ್ಕಳಿಗೆ, ಅದು ಪೊಲೀಸ್, ರೈಲ್ವೆ, ಸೇನೆಯಂತಹ ಕೆಲಸಗಳತ್ತ ಕೊಂಡೊಯ್ಯಬಲ್ಲ ದಾರಿ. ಆ ದಾರಿ ನಿಜಕ್ಕೂ ಎಷ್ಟು ಅಗಲವಾಗಿದೆ ಎಂಬುದನ್ನು ಯಾರೂ ಅವರಿಗೆ ಬಿಡಿಸಿ ಹೇಳುವುದಿಲ್ಲ ಎಂಬುದೇ ನನ್ನ ಆತಂಕ.

ಮೊದಲು ನಿಯಮಗಳನ್ನು ನೋಡೋಣ. ಪ್ರತಿಭಾವಂತ ಕ್ರೀಡಾಪಟುಗಳನ್ನು ಸರ್ಕಾರಿ ಹುದ್ದೆಗಳಿಗೆ ತೆಗೆದುಕೊಳ್ಳುವ ಬಗ್ಗೆ ಕೇಂದ್ರ ಸರ್ಕಾರ 1980ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿತು. 2013ರಲ್ಲಿ ಈ ಸೂಚನೆಗಳನ್ನು ಕ್ರೋಡೀಕರಿಸಲಾಯಿತು. ಅದರಂತೆ ನಿಗದಿತ ವರ್ಗದ ಹುದ್ದೆಗಳ ನೇರ ನೇಮಕಾತಿಯಲ್ಲಿ ಶೇ 5ರವರೆಗೆ ಕ್ರೀಡಾಪಟುಗಳಿಂದ ತುಂಬಬಹುದು. ‘ತುಂಬಬಹುದು’ ಎಂಬ ಮಾತನ್ನು ಗಮನಿಸಬೇಕು. ಇದು ಇಲಾಖೆಗೆ ಕೊಟ್ಟ ಅವಕಾಶವೇ ಹೊರತು ಅಭ್ಯರ್ಥಿಗೆ ಕೊಟ್ಟ ಹಕ್ಕಲ್ಲ. 2024ರ ಮಾರ್ಚ್‌ನಲ್ಲಿ ನಿಯಮ ಪರಿಷ್ಕರಿಸಿ, ಖೇಲೊ ಇಂಡಿಯಾ ಕ್ರೀಡಾಕೂಟಗಳ ಪದಕ ವಿಜೇತರನ್ನೂ ಅರ್ಹರ ಪಟ್ಟಿಗೆ ಸೇರಿಸಲಾಯಿತು.

ರಾಜ್ಯದಲ್ಲಿಯೂ ಮಾತಿಗೆ ಕೊರತೆಯಿಲ್ಲ. ಪೊಲೀಸ್ ಇಲಾಖೆಯಲ್ಲಿದ್ದ ಕ್ರೀಡಾ ಮೀಸಲಾತಿಯನ್ನು ಶೇ 2ರ ಪ್ರಮಾಣದಲ್ಲಿ ಇತರ ಇಲಾಖೆಗಳಿಗೂ ವಿಸ್ತರಿಸುವುದಾಗಿ 2022ರಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಪ್ರಕಟಿಸಿದ್ದರು. ಪೊಲೀಸ್ ಇಲಾಖೆಯಲ್ಲಿ ಶೇ 3, ಉಳಿದ ಇಲಾಖೆಗಳಲ್ಲಿ ಶೇ 2 ಎಂದು ನಂತರ ಬಂದ ಸಿದ್ದರಾಮಯ್ಯನವರ ಸರ್ಕಾರ ಹೇಳಿದೆ.

ತೊಡಕಿರುವುದು ಶೇಕಡಾವಾರು ಲೆಕ್ಕದಲ್ಲಲ್ಲ, ಯಾವುದು ‘ಕ್ರೀಡೆ’ ಎಂಬ ವ್ಯಾಖ್ಯಾನದಲ್ಲಿ. ಕಾಲೇಜು ತಂಡದಲ್ಲಿ ಆಡಿದರೆ ಸಾಲದು. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ಆಡಿದರೆ ಮಾತ್ರ ಕೇಂದ್ರದ ನಿಯಮ ಕಣ್ಣೆತ್ತಿ ನೋಡುತ್ತಿತ್ತು. ಅದಕ್ಕೂ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಹೊಣೆ ಹೊತ್ತ ಅಧಿಕಾರಿಯ ಸಹಿಯುಳ್ಳ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕಿತ್ತು. ನಮ್ಮ ಹಳ್ಳಿಗಳಲ್ಲಿ ಹಬ್ಬ ಜಾತ್ರೆಗಳ ಹೊತ್ತಿಗೆ ನಡೆಯುವ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳಲ್ಲಿ ಗೆದ್ದ ಆಳೆತ್ತರದ ಕಪ್ಪು ನೇಮಕಾತಿ ಅಧಿಕಾರಿಯ ಮೇಜಿನ ಮೇಲೆ ಏನನ್ನೂ ಸಾಬೀತು ಮಾಡದು. ಊರೆಲ್ಲ ಹೊತ್ತು ಮೆರೆಸಿದ ಆಟಗಾರ ಕಡತದಲ್ಲಿ ಆಟಗಾರನೇ ಅಲ್ಲ.

ರೈಲ್ವೆ ನೇಮಕಾತಿಯ ಲೆಕ್ಕ ಇನ್ನೂ ಸ್ಪಷ್ಟ. ಅದರ ಕ್ರೀಡಾ ಕೋಟಾದ 100 ಅಂಕಗಳಲ್ಲಿ ಮಾನ್ಯತೆ ಪಡೆದ ಸಾಧನೆಗೆ 50, ಆಟದ ಕೌಶಲ, ದೈಹಿಕ ಸಾಮರ್ಥ್ಯ ಮತ್ತು ತರಬೇತುದಾರರ ಅವಲೋಕನಕ್ಕೆ 40, ವಿದ್ಯಾರ್ಹತೆಗೆ 10 ಅಂಕಗಳು. ಸಾಧನೆಯೂ ಹಳೆಯದಾಗಿರಬಾರದು, ಪ್ರಸಕ್ತ ಹಾಗೂ ಹಿಂದಿನ ಎರಡು ಆರ್ಥಿಕ ವರ್ಷಗಳದ್ದನ್ನು ಮಾತ್ರ ಪರಿಗಣಿಸುತ್ತಾರೆ. ಪದವಿ ಮುಗಿಸಿ, ನಾಲ್ಕಾರು ವರ್ಷ ಬೇಸಾಯದಲ್ಲಿ ಕೈಜೋಡಿಸಿ, ಆಮೇಲೆ ಅರ್ಜಿ ಹಾಕೋಣ ಎಂದುಕೊಂಡವನ ಪ್ರಮಾಣಪತ್ರ ಅಷ್ಟರಲ್ಲಿ ಬರೀ ಕಾಗದವಾಗಿರುತ್ತದೆ. ಅಕ್ಕಿಹೆಬ್ಬಾಳಿನ ನಿಲ್ದಾಣದಲ್ಲಿ ರೈಲು ಹತ್ತಿ ಮೈಸೂರಿಗೆ ಓದಲು ಹೋಗುವ ವಿದ್ಯಾರ್ಥಿಗೆ ಈ ಗಡುವಿನ ವಿಷಯವನ್ನು ಮೊದಲ ವರ್ಷದಲ್ಲೇ ಹೇಳಬೇಕಾದವರು ಯಾರು?

ಒಂದು ಕಾಲದಲ್ಲಿ ಬ್ಯಾಂಕುಗಳು ಆಟಗಾರರಿಗೆ ಆಸರೆಯಾಗಿದ್ದವು. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಉದ್ಯೋಗಿಯಾಗಿದ್ದುದು ಕ್ರಿಕೆಟ್ ಪ್ರಿಯರಿಗೆಲ್ಲ ಗೊತ್ತು. ಇಂದು ಉದ್ಯೋಗ ಹೆಚ್ಚಾಗಿ ಖಾಸಗಿ ವಲಯದಲ್ಲಿದೆ. ಅಲ್ಲಿ ಕೋಟಾ ಇಲ್ಲ. ಸಂದರ್ಶಕನ ಮನಸ್ಸಿನಲ್ಲಿ ಮೂಡುವ ಅಭಿಪ್ರಾಯವಷ್ಟೇ ಇದೆ. ಅದಕ್ಕೂ ಬೆಲೆಯಿಲ್ಲದಿಲ್ಲ. ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಡಾನ್ ಓಲೋಫ್ ರೂತ್ ಕಾಲ್ಪನಿಕ ಅರ್ಜಿಗಳನ್ನು ಕಳುಹಿಸಿ ನಡೆಸಿದ, 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ರೀಡಾಸಕ್ತಿಯನ್ನು ನಮೂದಿಸಿದ ಅರ್ಜಿಗಳಿಗೆ ಸಂದರ್ಶನದ ಕರೆ ಸುಮಾರು 2 ಶೇಕಡಾಂಶದಷ್ಟು ಹೆಚ್ಚು ಬಂದಿತ್ತು. ಲಾಭ ಇದೆ, ಆದರೆ ಸಣ್ಣದು.

ಆ ಸಣ್ಣ ಲಾಭವೂ ಎಲ್ಲರಿಗೂ ಸಮನಾಗಿ ಸಿಗುವುದಿಲ್ಲ. ಅಮೆರಿಕದ ಪ್ರತಿಷ್ಠಿತ ಸಂಸ್ಥೆಗಳ ನೇಮಕಾತಿಯನ್ನು ಅಭ್ಯಸಿಸಿದ ಸಮಾಜಶಾಸ್ತ್ರಜ್ಞೆ ಲಾರೆನ್ ರಿವೆರಾ, ಅಲ್ಲಿನ ಸಂದರ್ಶಕರು ಸ್ಥಿತಿವಂತರ ಆಟಗಳಿಗೇ ಮನಸೋಲುತ್ತಾರೆ ಎಂಬುದನ್ನು ತೋರಿಸಿದ್ದಾರೆ. ನಮ್ಮಲ್ಲಿಯೂ ಟೆನಿಸ್ ಎಂದರೆ ಹುಬ್ಬೇರಿಸುವ ಸಂದರ್ಶಕ ಕೊಕ್ಕೊ ಎಂದರೆ ಮುಂದಿನ ಪ್ರಶ್ನೆಗೆ ಹೋಗಬಹುದು. ಏಳು ಮಂದಿಯ ತಂಡವನ್ನು ಕಟ್ಟಿ, ಸೋತ ಪಂದ್ಯದ ಮರುದಿನ ಅವರನ್ನು ಮತ್ತೆ ಅಂಕಣಕ್ಕೆ ಕರೆತಂದ ನಾಯಕನಲ್ಲಿ ಕಂಪನಿಗಳು ಹುಡುಕುವ ಗುಣಗಳೆಲ್ಲ ಇವೆ. ಆದರೆ ಅದನ್ನು ಸಂದರ್ಶಕನಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವುದನ್ನು ಅವನಿಗೆ ಯಾರೂ ಕಲಿಸಿಲ್ಲ.

ಹೆಣ್ಣುಮಕ್ಕಳ ಪಾಡು ಇನ್ನೂ ಬೇರೆ. ಅಭ್ಯಾಸ ನಡೆಯುವುದು ತರಗತಿ ಮುಗಿದ ಮೇಲೆ. ಊರಿನ ಬಸ್ಸು ಹೊರಡುವುದೂ ಆಗಲೇ. ಪ್ರತಿಭೆಗಿಂತ ಮೊದಲು ವೇಳಾಪಟ್ಟಿಯೇ ಆಯ್ಕೆ ಮಾಡಿಬಿಡುತ್ತದೆ.

ಹಾಗೆಂದು ಓದು ಬಿಟ್ಟು ಆಟಕ್ಕಿಳಿಯಿರಿ ಎಂದು ನಾನು ಹೇಳುತ್ತಿಲ್ಲ. ಕೋಟಾದ ಹುದ್ದೆಗಳು ಬೆರಳೆಣಿಕೆಯವು. ಅವನ್ನೇ ನಂಬಿ ಅಂಕಗಳನ್ನು ಕಡೆಗಣಿಸಿದವನು ಎರಡೂ ದಡಗಳಿಂದ ದೂರವಾಗುತ್ತಾನೆ. ನಾನು ಕೇಳುವುದು ಹೆಚ್ಚು ಖರ್ಚಿಲ್ಲದ ಕೆಲವು ಕೆಲಸಗಳನ್ನು. ಪ್ರತಿ ಕಾಲೇಜೂ ವಿದ್ಯಾರ್ಥಿಯ ಆಟದ ದಾಖಲೆಯನ್ನು ಅಂಕಪಟ್ಟಿಯಷ್ಟೇ ಜತನದಿಂದ ಇಡಲಿ. ವಿಶ್ವವಿದ್ಯಾಲಯದ ಆಯ್ಕೆ ಪ್ರಕ್ರಿಯೆಯ ದಿನಾಂಕ ತಾಲ್ಲೂಕು ಕೇಂದ್ರದ ಕಾಲೇಜಿಗೂ ಸಕಾಲದಲ್ಲಿ ಮುಟ್ಟಲಿ. ದೈಹಿಕ ಶಿಕ್ಷಣ ನಿರ್ದೇಶಕರಿಲ್ಲದ ಕಾಲೇಜುಗಳಿಗೆ ಅವರನ್ನು ನೇಮಿಸಲಿ. ಬಸ್ಸಿನ ವೇಳೆ ನೋಡಿಕೊಂಡು ವಿದ್ಯಾರ್ಥಿನಿಯರ ಅಭ್ಯಾಸವನ್ನು ಬೆಳಿಗ್ಗೆಗೆ ಬದಲಿಸಲಿ.

ಗ್ರಾಮೀಣ ಪ್ರತಿಭೆ ಎಂಬ ಮಾತು ನಮ್ಮ ವೇದಿಕೆಗಳಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ಆ ಪ್ರತಿಭೆಗೆ ಶಾಲು ಹೊದಿಸುವುದು ಸುಲಭ. ಅದರ ಕೈಗೆ ನೇಮಕಾತಿ ಕಚೇರಿ ಒಪ್ಪುವ ಒಂದು ಹಾಳೆಯನ್ನು, ಅವಧಿ ಮೀರುವ ಮೊದಲು ಕೊಡುವುದೇ ನಿಜವಾದ ಪ್ರೋತ್ಸಾಹ.