ನೋವಿಗೆ ಸೊನ್ನೆ ಅಂಕ

ತೇನಿ ಜಿಲ್ಲೆಯ ಕಂಬಂ, ಬೋಡಿ ಕಡೆ ಮನೆಯಲ್ಲಿ ಕನ್ನಡ ಆಡುವ ಕಾಪ್ಪಿಲಿಯರಿದ್ದಾರೆ. ಓದುಬರಹ, ಕಚೇರಿ ಎಲ್ಲ ತಮಿಳು. ಆ ಕಣಿವೆಯ ಎಷ್ಟೋ ಹೆಂಗಸರು ಬೆಳಗಿನ ಜಾವ ಜೀಪು ಹತ್ತಿ, ಘಾಟಿ ದಾಟಿ, ಇಡುಕ್ಕಿಯ ಏಲಕ್ಕಿ ತೋಟಕ್ಕೆ ಕೂಲಿಗೆ ಹೋಗುತ್ತಾರೆ. ಏಲಕ್ಕಿ ಬಿಡುವುದು ಗಿಡದ ಬುಡದಲ್ಲಿ. ದಿನವಿಡೀ ಬಗ್ಗಿಯೇ ಕೀಳಬೇಕು. ವರ್ಷಗಟ್ಟಲೆ ಬಗ್ಗಿದ ಸೊಂಟ ಒಂದು ದಿನ ಏಳುವುದಿಲ್ಲ ಅನ್ನುತ್ತದೆ.

ಆಗ ಅಂಗವಿಕಲರ ಪಿಂಚಣಿಗೆ ಅರ್ಜಿ ಹಾಕಿದರೆ? ಡಾಕ್ಟರು ಮುಖ್ಯವಾಗಿ ನೋಡುವುದು ಕೀಲು ಎಷ್ಟು ಬಾಗುತ್ತದೆ, ಸ್ನಾಯುವಿಗೆ ಎಷ್ಟು ಬಲವಿದೆ ಎಂದು. 2001ರ ಕೇಂದ್ರದ ಮಾರ್ಗಸೂಚಿಯಲ್ಲಂತೂ, ಪರೀಕ್ಷೆಯಲ್ಲಿ ಏನೂ ಕಾಣದ ಬೆನ್ನುನೋವಿಗೆ ಸೊನ್ನೆ ಎಂದೇ ಬರೆದಿತ್ತು. 2016ರ ಕಾಯ್ದೆ ಪಟ್ಟಿಯನ್ನು 21 ಬಗೆಗೆ ಹಿಗ್ಗಿಸಿತು. ದೀರ್ಘಕಾಲದ ನೋವು ಅದರಲ್ಲೂ ಇಲ್ಲ. ಹೆಚ್ಚಿನ ಸವಲತ್ತಿಗೆ 40 ಪರ್ಸೆಂಟು ಬೇಕು.

ಪಟ್ಟಿಗೆ ಹೊಸ ಬಗೆ ಸೇರಿಸಲು ಕೇಂದ್ರ ಸರ್ಕಾರದ ಅಧಿಸೂಚನೆ ಸಾಕು, ಕಾಯ್ದೆಯಲ್ಲೇ ಆ ಅವಕಾಶವಿದೆ. ಸೇರಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ಅಲ್ಲಿಯವರೆಗೆ ಸುಮ್ಮನಿರುವುದು ಬೇಡ. ನಮ್ಮ ಶಾಲೆಯ ಮಕ್ಕಳ ಮನೆಗಳಲ್ಲೂ ಇಂಥ ಅಮ್ಮಂದಿರಿದ್ದಾರೆ. ಅರ್ಜಿ ಬರೆಯಲು ಮೇಷ್ಟ್ರುಗಳಾದ ನಾವೇ ಕೂರೋಣ. ‘ನೋವು’ ಎಂದಷ್ಟೇ ಬರೆಯದೆ, ಎಷ್ಟು ಹೊತ್ತು ನಿಲ್ಲಬಲ್ಲರು, ಬಿಂದಿಗೆ ಎತ್ತಬಲ್ಲರೆ, ಕೂಲಿ ಬಿಟ್ಟು ಎಷ್ಟು ತಿಂಗಳಾಯಿತು ಎಂದು ಬರೆಯೋಣ. ಆಸ್ಪತ್ರೆ ಚೀಟಿ, ಎಕ್ಸರೇ ಬಿಸಾಡದಂತೆ ಹೇಳೋಣ. ಸರ್ಟಿಫಿಕೇಟು ಸಿಗದಿದ್ದರೆ ಅದೇ ಕಾಯ್ದೆಯ 59ನೇ ಸೆಕ್ಷನ್ನಿನಲ್ಲಿ ಮೇಲ್ಮನವಿ ಇದೆ. ಅದನ್ನೂ ನಾವೇ ಬರೆದುಕೊಡೋಣ.